ಗಂಡಂದಿರು ನಾಪತ್ತೆಯಾದ ಫೈಲು

ಕಳೆದ ವಾರ ನಾನು ನೂರ ನಲವತ್ತನಾಲ್ಕು ಗಂಡಂದಿರನ್ನು ಒಂದೇ ಏಟಿಗೆ ನಾಪತ್ತೆ ಮಾಡಿದೆ.

ಗಾಬರಿಯಾಗಬೇಡಿ. ಪೊಲೀಸರಿಗೆ ಫೋನ್ ಮಾಡುವಂಥದ್ದೇನೂ ಆಗಿಲ್ಲ. ನನ್ನ ಗಂಡನೂ ಕ್ಷೇಮ (ಇದನ್ನು ಬರೆಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಚುರುಮುರಿ ತಿನ್ನುತ್ತಿದ್ದಾರೆ, ಸದ್ದು ಕೇಳುತ್ತಿದೆ). ನಾಪತ್ತೆಯಾದದ್ದು ಬರೀ ಹೆಸರುಗಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು, ನಕ್ಕು, ನಾಚಿ ಹೇಳಿದ ಹೆಸರುಗಳು. ನನ್ನ ಲ್ಯಾಪ್‌ಟಾಪಿನಲ್ಲಿ ಬೆಚ್ಚಗೆ ಕುಳಿತಿದ್ದವು. ನಾನೊಂದು ಪ್ರೋಗ್ರಾಮ್ ಬರೆದೆ. ಮುಗಿಯಿತು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಒಡಪು ಕಟ್ಟಿ ಹೇಳುತ್ತಾಳೆ. ಎರಡು ಸಾಲಿನ ಪ್ರಾಸದ ಮಾತು, ಅದರೊಳಗೆ ಎಲ್ಲೋ ಒಂದು ಕಡೆ ಹೆಸರು ಮೆಲ್ಲಗೆ ನುಸುಳಬೇಕು. ಮದುವೆಯಿರಲಿ, ತೊಟ್ಟಿಲಿರಲಿ, ಕುಬಸವಿರಲಿ (ಬೆಂಗಳೂರಿನ ಓದುಗರು ಸೀಮಂತ ಎಂದು ಓದಿಕೊಳ್ಳಿ), ಹೆಂಗಸರೆಲ್ಲ ಒಬ್ಬಳನ್ನು ಸುತ್ತುಗಟ್ಟಿ "ಹೆಸರ ಹೇಳವಾ, ಹೆಸರ ಹೇಳ" ಎಂದು ಬೆನ್ನು ಹತ್ತುತ್ತಾರೆ. ಹೇಳುವ ತನಕ ಬಾಗಿಲು ಬಿಡುವುದಿಲ್ಲ.

ಅಂಥ ಒಡಪುಗಳನ್ನು ಕೂಡಿಸುವ ಹುಚ್ಚು ನನ್ನ ಕಾಕಿಗೆ. ಗಂಗವ್ವ ಕಾಕಿ, ನನ್ನಪ್ಪನ ತಮ್ಮನ ಹೆಂಡತಿ, ಇರುವುದು ದೊಡವಾಡದಲ್ಲಿ. ಯಾವ ಊರಿನ ಕಾರ್ಯಕ್ಕೆ ಹೋಗಿ ಬಂದರೂ ಚಪ್ಪಲಿ ಬಿಡುವ ಮೊದಲು ನನಗೆ ಫೋನ್. "ಶಾರದಾ, ಬರ್ಕೋ. ಮುರಗೋಡದಾಕಿ ಒಬ್ಬಾಕಿ ಭಾಳ ಚಲೋ ಹೇಳಿದ್ಳು."

ನಾನು ಬರೆದುಕೊಳ್ಳುತ್ತಿದ್ದೆ. ನೀವೂ ಒಂದು ಕೇಳಿ:

"ಸವದತ್ತಿ ಗುಡ್ಡಾ ಏರುವಾಗ ಕಾಲಿಗೆ ನಟ್ಟಿತ ಮುಳ್ಳ, ತಗದ ಕೊಟ್ಟ ಮಾಂತೇಶಪ್ಪಂದು ಬಾಕಿ ಮಾತೆಲ್ಲ ಸುಳ್ಳ."

ಇನ್ನೊಂದು, ರಾಮದುರ್ಗದ್ದು (ಪತ್ಲ ಎಂದರೆ ಸೀರೆ):

"ಸಂತ್ಯಾಗ ಹೋಗಿ ಆರಿಸಿ ತಂದೀನಿ ಹಸರ ಅಂಚಿನ ಪತ್ಲ, ಶಿವಾನಂದರ ಹೆಸರ ಹೇಳಾಕ ಯಾಕ ಇಷ್ಟ ಗದ್ಲ?"

ಎರಡು ವರ್ಷದಲ್ಲಿ ಹೀಗೆ ನೂರ ನಲವತ್ಮೂರು ಒಡಪುಗಳಾದವು. ಕಾಕಿ ಅವನ್ನು ಎಲ್ಲಿಯೂ ಬರೆದಿಟ್ಟಿಲ್ಲ. ನನಗೆ ಹೇಳಿ ಮುಗಿಸಿದ ಮೇಲೆ ನೆನಪಿಟ್ಟುಕೊಳ್ಳುವ ಗೋಜಿಗೂ ಹೋಗಿಲ್ಲ. ಒಮ್ಮೆ ಹಳೆಯದೊಂದನ್ನು ಕೇಳಿದರೆ ಉತ್ತರ ಹೀಗಿತ್ತು: "ನಿನ್ನ ಡಬ್ಬಿಗೆ ಹಾಕೇನಲ್ಲ, ಮತ್ತ ನಾ ಯಾಕ ತಲ್ಯಾಗ ಇಟ್ಕೊಂಡ ಕುಂಡ್ರಲಿ?"

ಡಬ್ಬಿ ಎಂದರೆ ನನ್ನ ಲ್ಯಾಪ್‌ಟಾಪ್. ಆ ಡಬ್ಬಿಯ ಮೇಲೆ ಕಾಕಿಗೆ ಅಷ್ಟು ನಂಬಿಕೆ.

ಈಗ ಕಾಕಿಯ ಮೊಮ್ಮಗಳು ವಿದ್ಯಾಳ ಕುಬಸ ಬಂತು. ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಬಟ್ಟಲಿನ ಜೊತೆಗೆ ಒಂದು ಸಣ್ಣ ಒಡಪಿನ ಪುಸ್ತಕವನ್ನೂ ಹಾಕಬೇಕೆಂದು ಕಾಕಿಯ ಆಸೆ. ಬೈಲಹೊಂಗಲದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ರಮಾ ನನ್ನ ಹಳೆಯ ವಿದ್ಯಾರ್ಥಿನಿ. (ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ಎಂಬುದು ನಿಮಗೆ ಗೊತ್ತೇ ಇದೆ. ಪ್ರತಿ ವಾರ ಒಂದಿಲ್ಲೊಂದು ನೆಪದಲ್ಲಿ ಹೇಳಿಕೊಂಡಿದ್ದೇನೆ.) ಪೆನ್‌ಡ್ರೈವಿನಲ್ಲಿ ಫೈಲು ಒಯ್ದು ಅವಳ ಕಂಪ್ಯೂಟರಿಗೆ ಹಾಕಿ ಬಂದೆ.

ಮರುದಿನವೇ ಫೋನ್ ಬಂತು. "ಅಕ್ಕಾರ, ನಿಮ್ಮ ಫೈಲ್ ಕೆಟ್ಟೈತ್ರಿ. ತಗದ್ರ ಬರೇ ಹುಳಾ ಹರದಾಡಿದಂಗ ಕಾಣತೈತಿ. ಇನ್ನೊಮ್ಮೆ ಕೊಡ್ರಿ. ಕೊಡೂಮುಂದ ಊರಿನ ಪ್ರಕಾರ ಜೋಡಿಸಿ ಕೊಟ್ರ ಭಾಳ ಚಲೋ ಆಕ್ಕೈತಿ."

ಆಗಲಿ ಎಂದೆ. ಕುಬಸಕ್ಕೆ ಇನ್ನೂ ಸಮಯವಿತ್ತು.

ಆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ದೊಡವಾಡಕ್ಕೆ ಹೋದೆ, ಊರಿನ ಹೆಸರುಗಳನ್ನು ಕಾಕಿಯ ಜೊತೆ ಕುಳಿತು ಸರಿನೋಡಲು. ಎಲ್ಲ ಮುಗಿದ ಮೇಲೆ ಕಾಕಿ ಪರದೆಯನ್ನು ನೋಡುತ್ತ ಕುಳಿತಳು. ಆಮೇಲೆ ಹೇಳಿದಳು: "ಡಬ್ಬಿ ಇಲ್ಲೇ ಬಿಟ್ಟು ನೀ ಹೊರಗ ಹೋಗು. ನಾನೂ ಒಂದ ಹೊಡೀತೇನಿ."

ನಾನು ಬೆಪ್ಪಾಗಿ ನಿಂತೆ.

ಏಕೆಂದರೆ ಬಸಲಿಂಗಪ್ಪ ಕಾಕಾ ತೀರಿಕೊಂಡು ಆರು ವರ್ಷ. ಗಂಡ ತೀರಿದ ಮೇಲೆ ಹೆಂಗಸನ್ನು ಯಾರೂ "ಹೆಸರ ಹೇಳ" ಎಂದು ಕೇಳುವುದಿಲ್ಲ. ಸುತ್ತ ಕುಳಿತವರಲ್ಲಿ ಒಬ್ಬೊಬ್ಬರ ಸರದಿ ಬರುತ್ತದೆ, ಅವಳನ್ನು ಮಾತ್ರ ದಾಟಿ ಮುಂದಿನವಳಿಗೆ ಹೋಗುತ್ತದೆ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವುದಿಲ್ಲ, ಅಷ್ಟೇ. ಎಷ್ಟೋ ಸಲ ಕಾಕಿಯ ಪಕ್ಕದಲ್ಲೇ ಕುಳಿತಿದ್ದ ನಾನೂ ಅವಳನ್ನು ದಾಟಿಸಿ ಆಚೆಯವಳ ತೋಳು ಹಿಡಿದಿದ್ದೇನೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತೆ. ಏಳನೆಯ ಇಯತ್ತೆ ಓದಿದ ಕಾಕಿ. ಲ್ಯಾಪ್‌ಟಾಪಿನ ಕೀಲಿಗಳಿಗೆ ನಾನು ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದೇನೆ. ಒಂದೇ ಬೆರಳು. ಒಂದು ಟಕ್, ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಮುಕ್ಕಾಲು ತಾಸಾಯಿತು. ನಡುವೆ ಒಮ್ಮೆ "ಒತ್ತಕ್ಷರ ಹೆಂಗ ಹೊಡೀಬೇಕ?" ಎಂದು ಒಳಗಿನಿಂದ ಕೂಗು ಬಂತು. ಹೊರಗಿನಿಂದಲೇ ಹೇಳಿಕೊಟ್ಟೆ.

ಮುಗಿದ ಮೇಲೆ ಕರೆದು ಹೇಳಿದಳು: "ಕೂಡಿಸಿಬಿಡು. ಪುಸ್ತಕ ಆಗಿ ಬಂದಾಗ ಓದು. ಅಲ್ಲೀಮಟಾ ನೋಡಬ್ಯಾಡ. ನನ್ನ ಆಣಿ ಐತಿ."

ನೋಡಲಿಲ್ಲ. ಕಣ್ಣು ಬೇರೆ ಕಡೆ ಮಾಡಿಕೊಂಡೇ ಸೇವ್ ಒತ್ತಿದೆ. ನೂರ ನಲವತ್ತನಾಲ್ಕು.

ಇನ್ನು ನನ್ನ ಪ್ರತಾಪ ಕೇಳಿ.

ಊರಿನ ಪ್ರಕಾರ ಜೋಡಿಸಬೇಕಲ್ಲ? ಕೈಯಿಂದ ಕತ್ತರಿಸಿ ಅಂಟಿಸಿದರೆ ಅರ್ಧ ದಿನ. ಆದರೆ ಮಕ್ಕಳಿಗೆ ಕಂಪ್ಯೂಟರ್ ಕ್ಲಬ್ ನಡೆಸಲು ನಾನು ಹೋದ ವರ್ಷ ಪೈಥಾನ್ ಎಂಬ ಪ್ರೋಗ್ರಾಮಿನ ಭಾಷೆ ಕಲಿತಿದ್ದೇನೆ. ಕಲಿತದ್ದನ್ನು ಮೆರೆಸದಿದ್ದರೆ ಕಲಿತು ಏನು ಬಂತು? ಹತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಫೈಲನ್ನು ಓದು, ಸಾಲಿನ ಮೊದಲಿಗಿರುವ ಊರಿನ ಹೆಸರು ನೋಡು, ಅಕಾರಾದಿಯಾಗಿ ಜೋಡಿಸು, ಹೊಸ ಫೈಲಿಗೆ ಬರೆ.

ಓದಿತು. ಜೋಡಿಸಿತು. ಬರೆಯುವ ಹೊತ್ತಿಗೆ ಕೆಂಪು ಅಕ್ಷರದಲ್ಲಿ ರೇಗಿತು. ಇಂಗ್ಲಿಷಿನ ಆ ಉದ್ದದ ಬೈಗುಳದ ತಾತ್ಪರ್ಯ ಇಷ್ಟು: ಈ ಅಕ್ಷರಗಳನ್ನು ನನ್ನ ಕೋಷ್ಟಕದಲ್ಲಿ ಬರೆಯಲು ಬರುವುದಿಲ್ಲ.

ಸರಿಯಾಗಿಯೇ ಹೇಳಿತ್ತು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಅಂಕಿ ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬ ಕೋಷ್ಟಕವೇ ಎನ್‌ಕೋಡಿಂಗ್. ಬರೆಯುವಾಗ ಯಾವ ಕೋಷ್ಟಕ ಬಳಸಬೇಕೆಂದು ನಾವು ಹೇಳಬೇಕು. ಓದುವ ಸಾಲನ್ನು ಪಾಠದಿಂದ ನಕಲು ಮಾಡಿದ್ದೆ, ಅದರಲ್ಲಿ ಹೇಳಿತ್ತು; ಬರೆಯುವ ಸಾಲಿನಲ್ಲಿ ನಾನು ಹೇಳಿರಲಿಲ್ಲ. ಹೇಳದಿದ್ದರೆ ನನ್ನ ವಿಂಡೋಸ್ ಲ್ಯಾಪ್‌ಟಾಪ್ ತನ್ನ ಹಳೆಯ ರೂಢಿಯ ಕೋಷ್ಟಕ ತೆಗೆಯುತ್ತದೆ. ಅದರಲ್ಲಿ ಇಂಗ್ಲಿಷ್ ಇದೆ, ಫ್ರೆಂಚ್ ಇದೆ, ಜರ್ಮನ್ ಇದೆ. ಕನ್ನಡಕ್ಕೆ ಒಂದು ಮನೆಯೂ ಇಲ್ಲ.

ಇಷ್ಟೆಲ್ಲ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಆಗ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಎರರ್ ಅನ್ನು ಕಾಪಿ ಮಾಡಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾರೋ ಪುಣ್ಯಾತ್ಮ ಬರೆದಿದ್ದ: ಬರೆಯಲು ಬಾರದ ಅಕ್ಷರ ಸಿಕ್ಕಲ್ಲಿ 'ರಿಪ್ಲೇಸ್' ಮಾಡು ಎಂದು ಒಂದು ಮಾತು ಸೇರಿಸಿ, ಎರರ್ ಹೋಗುತ್ತದೆ.

ಸೇರಿಸಿದೆ. ಹೋಯಿತು. ಹೂ ಎತ್ತಿದ ಹಾಗೆ ಓಡಿತು ಪ್ರೋಗ್ರಾಮ್. ಎಂಥ ಖುಷಿ! ಆ ಖುಷಿಯಲ್ಲಿ ಫಲಿತಾಂಶವನ್ನು ತೆರೆದೂ ನೋಡದೆ, ಎರಡೆರಡು ಫೈಲು ಯಾಕೆಂದು, ಹೊಸದಕ್ಕೂ ಹಳೆಯ ಹೆಸರನ್ನೇ ಕೊಟ್ಟು ಇನ್ನೊಮ್ಮೆ ಓಡಿಸಿದೆ. ಹಳೆಯದರ ಮೇಲೆಯೇ ಹೊಸದು ಕುಳಿತಿತು.

ಆಮೇಲೆ ತೆರೆದೆ.

ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ. ಮೇಲಿನಿಂದ ಕೆಳಗೆ ಬರೀ ????. ಊರಿಲ್ಲ, ಗುಡ್ಡವಿಲ್ಲ, ಮುಳ್ಳಿಲ್ಲ, ಮಾಂತೇಶಪ್ಪನಿಲ್ಲ. 'ರಿಪ್ಲೇಸ್' ಎಂದರೆ ಗೊತ್ತಿಲ್ಲದ ಅಕ್ಷರವನ್ನು ತೆಗೆದು ಅದರ ಜಾಗಕ್ಕೆ ಒಂದು ಪ್ರಶ್ನಾರ್ಥಕ ಇಡು ಎಂದು. ಅದು ವಿಧೇಯವಾಗಿ ಇಟ್ಟಿತ್ತು.

ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಎರರ್ ಹೋಗುತ್ತದೆ ಎಂದಿದ್ದ, ಹೋಗಿತ್ತು. ಮನೆಗಳಲ್ಲಿ, ಆಫೀಸುಗಳಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? "ಇದು ನನಗೆ ಬರುವುದಿಲ್ಲ" ಎಂದು ನೇರವಾಗಿ ಹೇಳಿದವನ ಬಾಯಿ ಮುಚ್ಚಿಸುತ್ತೇವೆ. ಸದ್ದಡಗಿದರೆ ಸಾಕು, ಕೆಲಸವಾಯಿತೆಂದು ಚಹಾ ಕುಡಿಯಲು ಹೊರಡುತ್ತೇವೆ. (ನಾನಂತೂ ಕುಡಿದೆ. ಫೈಲು ತೆರೆದದ್ದು ಚಹಾ ಆದ ಮೇಲೆ.)

ಕುಬಸಕ್ಕೆ ಎಂಟು ದಿನ ಉಳಿದಿತ್ತು. ಪೆನ್‌ಡ್ರೈವನ್ನೂ ಮಕ್ಕಳ ಕ್ಲಬ್ಬಿಗೆಂದು ಅಳಿಸಿಯಾಗಿತ್ತು. ಈಗ ಎಲ್ಲಿಂದ ತರಲಿ?

ಆಗ ಹೊಳೆದದ್ದು ರಮಾಳ ಅಂಗಡಿಯಲ್ಲಿದ್ದ ಆ 'ಕೆಟ್ಟ' ಫೈಲು. ಶಾಲೆ ಮುಗಿಸಿದವಳೇ ಲ್ಯಾಪ್‌ಟಾಪ್ ಹಿಡಿದು ಓಡಿದೆ. ರಮಾ ತೆರೆದು ತೋರಿಸಿದಳು. ನಿಜ, ಹುಳ ಹರಿದಾಡಿದ ಹಾಗೆಯೇ ಇತ್ತು. ಆದರೆ ಅಲ್ಲಿ ಪ್ರಶ್ನಾರ್ಥಕಗಳಿರಲಿಲ್ಲ. ತಲೆಯ ಮೇಲೆ ಓರೆಗೀಟು ಹೊತ್ತ ಒಂದು à, ಅದರ ಪಕ್ಕದಲ್ಲಿ ಪುಟ್ಟ ², ಆಮೇಲೆ ಏನೋ ಒಂದು. ಮತ್ತೆ à, ಮತ್ತೆ ², ಆಮೇಲೆ ಇನ್ನೇನೋ ಒಂದು. ಕೆಲವು ಕಡೆ ² ಬದಲು ³.

ಗಣಿತದವಳಿಗೆ ಇಷ್ಟು ಸಾಕು, ತಲೆಯಲ್ಲಿ ತುರಿಕೆ ಎದ್ದಿತು. ನಿಜವಾಗಿ ಕೆಟ್ಟದ್ದಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು? ಮೂರು ಮೂರರ ಗುಂಪು. ಪ್ರತಿ ಗುಂಪಿನಲ್ಲೂ ಮೊದಲನೆಯದು ಒಂದೇ. ಎರಡನೆಯದು ಎರಡರಲ್ಲಿ ಒಂದು. ಮೂರನೆಯದು ಮಾತ್ರ ಬೇರೆ ಬೇರೆ. ಹಳೆಯ ಲ್ಯಾಂಡ್‌ಲೈನ್ ನಂಬರುಗಳ ಹಾಗೆ: ಊರಿನ ಕೋಡ್ ಎಲ್ಲರಿಗೂ ಒಂದೇ, ಮನೆಯ ನಂಬರು ಬೇರೆ.

"ರಮಾ, ಇದು ಕೆಟ್ಟಿಲ್ಲ. ಇದು ಕನ್ನಡನಽ ಐತಿ," ಎಂದೆ.

"ಎಲ್ಲೈತ್ರಿ ಅಕ್ಕಾರ?" ಅವಳು ಪರದೆಗೆ ಮೂಗು ಹಚ್ಚಿದಳು.

ಯುಟಿಎಫ್-8 ಎಂಬ ಹೊಸ ಕೋಷ್ಟಕದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಮೂರು ಅಂಕಿ. ನನ್ನ ಫೈಲು ಅದರಲ್ಲಿತ್ತು. ರಮಾಳ ಹಳೆಯ ಸಾಫ್ಟ್‌ವೇರ್ ಅದನ್ನು ತನ್ನ ಹಳೆಯ ಕೋಷ್ಟಕ ಹಿಡಿದು ಓದುತ್ತಿತ್ತು. ಮೂರು ಅಂಕಿ ಕೂಡಿ ಒಂದು 'ಬ' ಆಗುವಲ್ಲಿ ಮೂರು ಬೇರೆ ಬೇರೆ ಹುಳುಗಳನ್ನು ಕಾಣುತ್ತಿತ್ತು. ಬರೆದದ್ದು ಸರಿ, ಓದುವುದು ತಪ್ಪು. ಆದರೆ ಒಂದು ಅಪಾಯವಿತ್ತು. ಆ ಹುಳುಗಳನ್ನೇ ಸೇವ್ ಮಾಡಿಬಿಟ್ಟಿದ್ದರೆ ಕೆಲವು ಅಂಕಿಗಳು ದಾರಿಯಲ್ಲೇ ಉದುರಿರುತ್ತಿದ್ದವು.

"ಇದನ್ನ ಸೇವ್ ಏನರ ಮಾಡಿಯೇನ?" ಎಂದು ಕೇಳಿದೆ.

"ಇಲ್ರೀ ಅಕ್ಕಾರ. ಹುಳಾ ಬಿದ್ದದ್ದನ್ನ ಯಾರ ಕಾಯ್ದಿಡ್ತಾರ್ರಿ?"

ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಫೈಲನ್ನು ಮುಚ್ಚಿ, ಈ ಸಲ ಯುಟಿಎಫ್-8 ಎಂದು ಆರಿಸಿ ತೆರೆಸಿದೆ. ಪರದೆ ಒಮ್ಮೆ ಮಿಟುಕಿತು. ಸವದತ್ತಿ ಗುಡ್ಡ ಬಂತು, ಮುಳ್ಳು ಬಂತು, ಮಾಂತೇಶಪ್ಪ ಬಂದ, ಹಸಿರು ಅಂಚಿನ ಪತ್ತಲ ಬಂತು. "ಅಯ್ಯ ಶಿವನ!" ಎಂದಳು ರಮಾ. ಇಬ್ಬರೂ ಕುಳಿತು ಹತ್ತಾರು ಒಡಪು ಓದಿ ನಕ್ಕೆವು. ಎಲ್ಲರೂ ಹೋಯಿತೆಂದು ಕೈಬಿಟ್ಟದ್ದು ಪೂರ್ತಿ ಬದುಕಿತ್ತು, ನನ್ನ ಪ್ರೋಗ್ರಾಮ್ ಒಂದೂ ತಕರಾರಿಲ್ಲದೆ ಬರೆದದ್ದು ಪೂರ್ತಿ ಸತ್ತಿತ್ತು.

ನೂರ ನಲವತ್ಮೂರು ಗಂಡಂದಿರು ಮನೆಗೆ ಬಂದರು. ನಗು ಮುಗಿದ ಮೇಲೆ ನೆನಪಾಯಿತು. ರಮಾಳಿಗೆ ಫೈಲು ಕೊಟ್ಟದ್ದು ಮೊದಲು, ಕಾಕಿ ತನ್ನದನ್ನು ಹೊಡೆದದ್ದು ಆಮೇಲೆ.

ಕಾಕಿಯ ಒಡಪು ಇದ್ದದ್ದು ಒಂದೇ ಕಡೆ, ಪ್ರಶ್ನಾರ್ಥಕಗಳ ಆ ರಾಶಿಯಲ್ಲಿ.

ಅದನ್ನಾದರೂ ಗುರುತಿಸೋಣವೆಂದು ಕುಳಿತೆವು. ಅಕ್ಷರಗಳು ಹೋಗಿದ್ದರೂ ನಡುವಿನ ಖಾಲಿ ಜಾಗ, ಅಲ್ಪವಿರಾಮ ಹಾಗೇ ಉಳಿದಿದ್ದವು. ಬದುಕಿದ ನೂರ ನಲವತ್ಮೂರು ಸಾಲುಗಳ ಅಳತೆಯನ್ನು ಸತ್ತ ಸಾಲುಗಳಿಗೆ ಜೋಡಿ ಹಚ್ಚುತ್ತ ಹೋದೆ. ಎಲ್ಲಕ್ಕೂ ಜೋಡಿ ಸಿಕ್ಕಿತು, ಒಂದನ್ನು ಬಿಟ್ಟು. ಊರಿನ ಹೆಸರು ತೆಗೆದರೆ ಅದು ಹೀಗಿತ್ತು:

???? ?????? ???? ???????? ??? ????? ????, ??? ??? ?????? ????? ???????? ??? ???

ಎಣಿಸಿದೆ. ಅರವತ್ತೈದು.

ಬಸಲಿಂಗಪ್ಪ ಎಂಬ ಹೆಸರು ಬಾಯಲ್ಲಿ ಐದೇ ಅಕ್ಷರ. ಆದರೆ ಕಂಪ್ಯೂಟರ್ ಇಕಾರವನ್ನು, ಸೊನ್ನೆಯನ್ನು, ಒತ್ತು ಕೂಡಿಸುವ ಗುರುತನ್ನು, ಒತ್ತನ್ನು, ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಅದರ ಪಾಲಿಗೆ ಒಂಬತ್ತು. ಹಾಗಾದರೆ ಈ ಸಾಲಿನಲ್ಲಿ ಒಂಬತ್ತು ಗುರುತಿನ ಪದ ಎಲ್ಲಿ? ನಾಲ್ಕು, ಆರು, ನಾಲ್ಕು, ಎಂಟು... ಎಂಟರ ಆಚೆ ಒಂದೂ ಇಲ್ಲ. ಎರಡೆರಡು ಸಲ ಎಣಿಸಿದೆ. ರಮಾಳೂ ಎಣಿಸಿದಳು.

ಒಡಪು ಹೌದು. ಆದರೆ ಅದರಲ್ಲಿ ಕಾಕಾನ ಹೆಸರಿಲ್ಲ!

ಮತ್ತೆ ಯಾರ ಹೆಸರಿದೆ? ಮರುದಿನ ಬಸ್ಸಿನಲ್ಲಿ ದೊಡವಾಡದ ದಾರಿಯುದ್ದಕ್ಕೂ ಅದೇ ಯೋಚನೆ. ಗಂಡನ ಹೆಸರನ್ನು ಪ್ರಾಸದೊಳಗೆ ಬಚ್ಚಿಡುವುದೂ ಒಂದು ಎನ್‌ಕೋಡಿಂಗೇ ಅಲ್ಲವೇ ಎಂದೂ ಅನಿಸಿತು. ಕಾಕಿ ಯಾವ ಕೋಷ್ಟಕ ಬಳಸಿದ್ದಳೋ ನನಗೆ ಗೊತ್ತಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಹೊರಟವಳಿಗೆ ಇಷ್ಟು ಕುತೂಹಲ ಇರಬಾರದಿತ್ತು. ಇತ್ತು, ಏನು ಮಾಡಲಿ?

ಕಾಕಿಯ ಅಂಗಳದಲ್ಲಿ ಐದಾರು ಹೆಂಗಸರು ಕುಬಸಕ್ಕೆ ಶೇಂಗಾ ಹೋಳಿಗೆ ಲಟ್ಟಿಸುತ್ತ ಕುಳಿತಿದ್ದರು. ಕಾಕಿ ಒಲೆಯ ಮುಂದೆ. ಬದಿಗೆ ಕರೆದು ಎಲ್ಲ ಹೇಳಿದೆ. ಎಲ್ಲರದೂ ಸಿಕ್ಕಿತು, ನಿನ್ನದೊಂದು ಹೋಯಿತು, ತಪ್ಪು ನನ್ನದೇ ಎಂದೆ.

ಕಾಕಿ ಕೈಯ ಹಿಟ್ಟು ಉಜ್ಜಿಕೊಂಡಳು. "ಹೋದ್ರ ಹೋತ ಬಿಡು," ಎಂದಳು. "ಉಳದಾವ್ರದು ಬಂತಲ್ಲ. ನಂದೇನ ಹೆಚ್ಚಿಂದಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಪ್ರಿಂಟ್ ಮಾಡಿಸಿ ತಂದಿದ್ದ ಆ ಸಾಲನ್ನು ಕೈಗೆ ಕೊಟ್ಟೆ. "ಕಾಕಿ, ಇದರಾಗ ಕಾಕಾನ ಹೆಸರಿಲ್ಲಲ್ಲ?"

ಕಾಕಿ ಗಕ್ಕನೆ ತಲೆ ಎತ್ತಿದಳು. "ಓದಿದ್ಯಾ? ಆಣಿ ಹಾಕಿದ್ನಲ್ಲ!"

"ಓದಾಕ ಏನ್ ಉಳದೈತಿ ಅದರಾಗ? ಎಣಿಸಿದೆ. ಕಾಕಾನ ಹೆಸರಿಗೆ ಒಂಬತ್ತ ಬೇಕ. ಇಲ್ಲಿ ಒಂಬತ್ತರ ಮಾತಽ ಇಲ್ಲ."

ಕಾಕಿ ಕಾಗದವನ್ನು ಬೆಳಕಿಗೆ ಹಿಡಿದಳು. ಆಮೇಲೆ ಹಿಟ್ಟಿನ ಬೆರಳನ್ನು ಅಲ್ಪವಿರಾಮದ ಆಚೆಗಿನ ಮೊದಲ ಮೂರು ಗುರುತುಗಳ ಮೇಲೆ ಇಟ್ಟಳು.

"ಇಲ್ಲೈತಿ," ಎಂದಳು. "ಮೂರಽ ಮೂರು. ಬಸಲಿಂಗಪ್ಪ ಅನ್ನೂದು ಊರಾವ್ರ ಹೆಸರು. ಅವರವ್ವ ಕರೀತಿದ್ದದ್ದು ಬೇರೆ. ನಾನೂ ಒಮ್ಮಿ ಕರದಿದ್ದೆ, ಮನ್ಯಾಗ ಯಾರೂ ಇರಲಿಲ್ಲ. ಅವರು ಹೊಳ್ಳಿ ನೋಡಿ ನಕ್ಕಿದ್ರು."

ಹೀಗೆಂದವಳೇ ಬೆರಳನ್ನು ಸಾಲಿನ ಮೊದಲಿಗೆ ತಂದಳು. ಒಂದೊಂದು ಪ್ರಶ್ನಾರ್ಥಕವನ್ನೂ ಸವರುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಬಿಳಿ ಜ್ವಾಳದ ರಾಶಿ ಮುಚ್ಚೀನಿ ಕರಿ ಕಂಬಳಿ ಕೆಳಗ, ಬಸು ಅಂತ ಕರದೀನಿ ಒಮ್ಮಿ ಯಾರಿಲ್ಲದ ಮನಿ ಒಳಗ."

ಅಂಗಳದಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಯಾರಾದರೂ ಏನಾದರೂ ಅಂದಾರೆಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರಿಗಿಂತ ಹಿರಿಯಳಾದ ನೆರೆಮನೆಯ ಮುದುಕಿ ಹೋಳಿಗೆ ಕೆಳಗಿಟ್ಟು ಹೇಳಿದಳು: "ಗಂಗವ್ವ, ಇನ್ನೊಮ್ಮಿ ಹೇಳವಾ. ನನಗ ಪೂರಾ ಕೇಳಸಲಿಲ್ಲ."

ಕಾಕಿ ಇನ್ನೊಮ್ಮೆ ಹೇಳಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನಾನು ಅಲ್ಲೇ ಬರೆದುಕೊಂಡೆ, ಕಾಗದದ ಮೇಲೆ, ಪೆನ್ನಿನಿಂದ. ಸಂಜೆ ರಮಾಳಿಗೆ ಕೊಟ್ಟೆ. ಪ್ರೋಗ್ರಾಮಿನಲ್ಲಿ ಆ 'ರಿಪ್ಲೇಸ್' ಕಿತ್ತೆಸೆದು, ಯುಟಿಎಫ್-8ರಲ್ಲೇ ಬರೆ ಎಂದು ಬಾಯಿಬಿಟ್ಟು ಹೇಳಿದೆ. ಈಗ ಚೆನ್ನಾಗಿ ಓಡುತ್ತಿದೆ, ಹೊಸ ಹೆಸರಿನ ಫೈಲಿಗೆ.

ಆ ಪ್ರಶ್ನಾರ್ಥಕಗಳ ಕಾಗದವನ್ನು ಮಾತ್ರ ಕಾಕಿ ವಾಪಸು ಕೊಡಲಿಲ್ಲ, ಮಡಚಿ ಎಲೆಅಡಿಕೆ ಚೀಲದಲ್ಲಿಟ್ಟುಕೊಂಡಳು.

ಇಟ್ಟುಕೊಳ್ಳಲಿ. ಆರು ವರ್ಷದಲ್ಲಿ ನಾವ್ಯಾರೂ ಒಂದೇ ಒಂದು ಸಲ ಕೇಳದ್ದನ್ನು ನನ್ನ ಕೆಟ್ಟ ಪ್ರೋಗ್ರಾಮ್ ಅವಳನ್ನು ಅರವತ್ತೈದು ಸಲ ಕೇಳಿತ್ತು.